ಲಾಜರೊ ಸ್ಪಲಾಂಜಾನಿ: ಹಿಮದಲ್ಲಿ ಜೀವವನ್ನು ನಿಲ್ಲಿಸಿ ನೋಡಿದವನು

ಸಾರಜನಕವೆಂಬ ಅನಿಲವನ್ನು ಸೊನ್ನೆಗಿಂತ ೧೯೬ ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ತಣಿಸಿದರೆ ಅದು ನೀರಿನಂತೆ ದ್ರವವಾಗುತ್ತದೆ. ಆ ದ್ರವವನ್ನು ತುಂಬಿದ ಲೋಹದ ಪಾತ್ರೆಗಳಲ್ಲಿ ಇಂದು ಅನೇಕ ದೇಶಗಳ ಮತ್ಸ್ಯ ಸಂಶೋಧನಾಲಯಗಳು ಸಿಹಿನೀರಿನ ಮೀನುಗಳ ರೇತಸ್ಸನ್ನು ಹೆಪ್ಪುಗಟ್ಟಿಸಿ ಕಾಪಾಡುತ್ತಿವೆ. ರೈತನು ಮುಂದಿನ ಮಳೆಗಾಲಕ್ಕೆಂದು ಬಿತ್ತನೆಯ ಬತ್ತವನ್ನು ಕಣಜದಲ್ಲಿ ತೆಗೆದಿರಿಸುವಂತಹ ಕ್ರಮವೇ ಇದು; ಆದರೆ ಇಲ್ಲಿ ಕಾಳು ಬರಿಗಣ್ಣಿಗೆ ಕಾಣದು, ಕಣಜವು ಮನುಷ್ಯನು ಕಂಡ ಯಾವ ಚಳಿಗಾಲಕ್ಕಿಂತಲೂ ತಣ್ಣಗಿನದು. ವರ್ಷಗಳು ಕಳೆದ ಮೇಲೆ ಅದನ್ನು ಹೊರತೆಗೆದು, ಹದವಾದ ಬಿಸಿನೀರಿನಲ್ಲಿ ಕ್ಷಣಕಾಲ ಅದ್ದಿ ಕರಗಿಸಿ, ಹೊಸದಾಗಿ ಪಡೆದ ಮೊಟ್ಟೆಗಳೊಡನೆ ಬೆರೆಸಿದರೆ ಮರಿಗಳು ಹುಟ್ಟುತ್ತವೆ. ಅಷ್ಟರಲ್ಲಿ ತಂದೆಮೀನು ಎಂದೋ ಸತ್ತುಹೋಗಿರಬಹುದು. ಅದು ಈಜಾಡಿದ ಹೊಳೆಯ ಪಾತ್ರವೇ ಬದಲಾಗಿರಬಹುದು.

ಈ ವಿದ್ಯೆಯ ಕಥೆಯನ್ನು ೧೯೪೯ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಪ್ರಯೋಗದಿಂದ ಆರಂಭಿಸುವುದುಂಟು. ನಾನು ಅದನ್ನು ಹದಿನೆಂಟನೆಯ ಶತಮಾನದ ಇಟಲಿಯ ಒಬ್ಬ ಪಾದ್ರಿಯಿಂದ ಆರಂಭಿಸಲು ಇಚ್ಛಿಸುತ್ತೇನೆ. ಲಾಜರೊ ಸ್ಪಲಾಂಜಾನಿ ಎಂಬ ಈತನ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಸಾರನ್ನು ಕುದಿಸಿ ಶೀಷೆಯ ಬಾಯನ್ನು ಕರಗಿಸಿ ಮುಚ್ಚಿದವನೆಂದು ಪಠ್ಯಪುಸ್ತಕಗಳು ಒಂದೆರಡು ವಾಕ್ಯಗಳಲ್ಲಿ ಆತನನ್ನು ನೆನೆದು ಮುಂದೆ ಸಾಗುತ್ತವೆ. ಆತನು ಮೀನು ಸಾಕಣೆಯ ಪಂಡಿತನಲ್ಲ. ದ್ರವ ಸಾರಜನಕವಂತೂ ಆತನ ಕಾಲದಲ್ಲಿ ಇರಲೇ ಇಲ್ಲ. ಆದರೂ ಈ ಇಡೀ ಕಾರ್ಯದ ಹಿಂದೆ ನಿಂತಿರುವ ಮೂಲಪ್ರಶ್ನೆಯನ್ನು, ಎಂದರೆ ಚಲನೆ ನಿಂತ ಮಾತ್ರಕ್ಕೆ ಜೀವವು ಹೋಯಿತೆಂದು ಹೇಳಬಹುದೇ ಎಂಬುದನ್ನು, ರೇತಸ್ಸಿನ ವಿಷಯದಲ್ಲಿ ಹಿಮವನ್ನು ಮುಂದಿಟ್ಟುಕೊಂಡು ಪರೀಕ್ಷಿಸಿದವನು ಆತನೇ. ಆತನ ಬಾಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡುವುದು ಉಚಿತವೆಂದು ನನಗೆ ತೋರುತ್ತದೆ.

ಸ್ಪಲಾಂಜಾನಿ ಹುಟ್ಟಿದುದು ೧೭೨೯ರ ಜನವರಿಯಲ್ಲಿ, ಉತ್ತರ ಇಟಲಿಯ ಮೊಡೇನಾ ಸಂಸ್ಥಾನಕ್ಕೆ ಸೇರಿದ ಸ್ಕಾಂಡಿಯಾನೊ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ವಕೀಲ. ಮಗನೂ ಅದೇ ವೃತ್ತಿಯನ್ನು ಹಿಡಿಯಬೇಕೆಂಬುದು ಮನೆಯವರ ಅಪೇಕ್ಷೆ. ರೆಜ್ಜೊ ಪಟ್ಟಣದ ಜೆಸ್ವಿಟ್ ಪಾಠಶಾಲೆಯಲ್ಲಿ ತರ್ಕವನ್ನೂ ಪ್ರಾಚೀನ ಭಾಷೆಗಳನ್ನೂ ಕಲಿತ ಹುಡುಗನು ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಬೊಲೋನಾ ವಿಶ್ವವಿದ್ಯಾಲಯಕ್ಕೆ ಹೋದನು. ಅಲ್ಲಿ ಆತನ ಬಂಧುವಾದ ಲಾರಾ ಬಾಸ್ಸಿ ಎಂಬ ವಿದುಷಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದಳು. ಹೆಂಗಸರಿಗೆ ವಿಶ್ವವಿದ್ಯಾಲಯದ ಬಾಗಿಲುಗಳು ಮುಚ್ಚಿದ್ದ ಆ ಕಾಲದಲ್ಲಿ ೧೭೩೨ರಲ್ಲಿಯೇ ಡಾಕ್ಟರ್ ಪದವಿಯನ್ನು ಗಳಿಸಿ ಅಧ್ಯಾಪಕಿಯಾದವಳು ಆಕೆ. ಆಕೆಯ ಸಂಗದಿಂದ ತರುಣನ ಮನಸ್ಸು ಕಾನೂನಿನಿಂದ ಕಳಚಿ ಪ್ರಕೃತಿಯ ಕಡೆಗೆ ತಿರುಗಿತು. ಅದೇ ಸ್ಕಾಂಡಿಯಾನೊ ಊರಿನ ಕಡೆಯವನಾದ ಪ್ರಾಧ್ಯಾಪಕ ವಾಲ್ಲಿಸ್ನೇರಿಯು ನಡುವೆ ನಿಂತು ತಂದೆಯ ಸಮ್ಮತಿಯನ್ನು ಕೊಡಿಸಿದನು. ಯೋಗ್ಯ ಗುರುವೊಬ್ಬರು ಸಕಾಲದಲ್ಲಿ ದೊರೆತರೆ ಬಾಳಿನ ಗತಿಯೇ ಬದಲಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮುಂದೆ ಆತನು ಪಾದ್ರಿಯ ದೀಕ್ಷೆಯನ್ನು ಪಡೆದನು. ಆ ಕಾಲದ ಯೂರೋಪಿನಲ್ಲಿ ಇದು ಸೋಜಿಗವಲ್ಲ. ಧರ್ಮಪೀಠದ ವರಮಾನ ಅನೇಕ ವಿದ್ವಾಂಸರಿಗೆ ಅನ್ನದ ದಾರಿಯಾಗಿತ್ತು. ೧೭೫೫ರ ಸುಮಾರಿಗೆ ರೆಜ್ಜೊದಲ್ಲಿ ಅಧ್ಯಾಪಕನಾಗಿ, ೧೭೬೩ರಲ್ಲಿ ಮೊಡೇನಾಕ್ಕೆ ಹೋಗಿ, ೧೭೬೯ರಲ್ಲಿ ಆಸ್ಟ್ರಿಯಾದ ಮಹಾರಾಣಿ ಮರಿಯಾ ತೆರೆಸಳ ಆಡಳಿತಕ್ಕೆ ಒಳಪಟ್ಟಿದ್ದ ಪಾವಿಯಾ ವಿಶ್ವವಿದ್ಯಾಲಯದಲ್ಲಿ ಪ್ರಕೃತಿಚರಿತ್ರೆಯ ಪ್ರಾಧ್ಯಾಪಕನಾದನು. ಅಲ್ಲಿಂದ ಸಾಯುವವರೆಗೆ ಮೂವತ್ತು ವರ್ಷ ಆ ಪೀಠವನ್ನು ಬಿಡಲಿಲ್ಲ. ಅಲ್ಲಿಯ ವಸ್ತುಸಂಗ್ರಹಾಲಯವನ್ನು ಬೆಳೆಸಿದವನೂ ಆತನೇ.

ಆ ಶತಮಾನದ ಪಂಡಿತರನ್ನು ಕಾಡಿದ ಮಹಾಪ್ರಶ್ನೆ ಉತ್ಪತ್ತಿಯದು. ಜೀವಿಯಿಂದ ಜೀವಿ ಹೇಗೆ ಹುಟ್ಟುತ್ತದೆ? ೧೬೭೭ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ರೇತಸ್ಸಿನೊಳಗೆ ಬಾಲವಾಡಿಸುತ್ತ ಈಜುವ ಅಸಂಖ್ಯಾತ ಕ್ರಿಮಿಗಳನ್ನು ಕಂಡಿದ್ದನು. ಮುಂದಿನ ಜೀವಿಯು ಸಂಕ್ಷಿಪ್ತರೂಪದಲ್ಲಿ ಅವುಗಳಲ್ಲಿಯೇ ಅಡಗಿದೆಯೆಂದು ಕೆಲವರು, ಇಲ್ಲ, ತಾಯಿಯ ಅಂಡದಲ್ಲಿಯೇ ಸಂಪೂರ್ಣವಾಗಿ ಸಿದ್ಧವಾಗಿ ಮಲಗಿದೆಯೆಂದು ಮತ್ತೆ ಕೆಲವರು ವಾದಿಸುತ್ತಿದ್ದರು. ಎರಡನೆಯ ಪಕ್ಷದವರನ್ನು ಅಂಡವಾದಿಗಳೆನ್ನಬಹುದು. ಜಿನೀವಾದ ಬೊನ್ನೆ, ಸ್ವಿಟ್ಜರ್ಲೆಂಡಿನವನೇ ಆದ ಹಾಲರ್ ಮೊದಲಾದ ಘನ ವಿದ್ವಾಂಸರು ಈ ಪಕ್ಷದಲ್ಲಿದ್ದರು. ಸ್ಪಲಾಂಜಾನಿಯೂ ಕಡೆಯವರೆಗೆ ಅಂಡವಾದಿಯಾಗಿಯೇ ಉಳಿದನು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಬಹಳ ಮುಖ್ಯವಾಗುತ್ತದೆ.

ಕೊಳೆತ ಸಾರಿನಲ್ಲಿ ಸೂಕ್ಷ್ಮಜೀವಿಗಳು ತಾವಾಗಿಯೇ ಹುಟ್ಟುತ್ತವೆಂಬ ಮೂರನೆಯ ಮತವೂ ಒಂದಿತ್ತು. ಇಂಗ್ಲೆಂಡಿನ ನೀಡಂ ಮತ್ತು ಫ್ರಾನ್ಸಿನ ಬ್ಯೂಫೊನ್ ಅದರ ಸಮರ್ಥಕರು. ೧೭೬೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಪಲಾಂಜಾನಿಯು ಇದನ್ನು ಪ್ರಯೋಗದಿಂದಲೇ ಎದುರಿಸಿದನು. ಬೀಜಗಳ ಕಷಾಯವನ್ನು ಗಾಜಿನ ಶೀಷೆಗಳಲ್ಲಿ ತುಂಬಿ, ಅವುಗಳ ಕೊರಳನ್ನು ಬೆಂಕಿಯಲ್ಲಿ ಕರಗಿಸಿ ಗಾಳಿಯಾಡದಂತೆ ಬೆಸೆದು, ಸಾಕಷ್ಟು ಹೊತ್ತು ಕುದಿಸಿದರೆ ಅಲ್ಲಿ ಏನೂ ಹುಟ್ಟದೆಂದು ತೋರಿಸಿದನು. ಕುದಿಸಿ ಕುದಿಸಿ ಗಾಳಿಯೊಳಗಿನ ಜೀವಶಕ್ತಿಯನ್ನೇ ಕೊಂದಿರುವೆ ಎಂಬ ಆಕ್ಷೇಪ ಬಂದಿತು. ಆ ವಾದವು ಪೂರ್ಣವಾಗಿ ಅಡಗಿದುದು ಸುಮಾರು ನೂರು ವರ್ಷಗಳ ತರುವಾಯ, ಪಾಶ್ಚರನ ಕೈಯಲ್ಲಿ. ೧೭೬೮ರಲ್ಲಿ ಆತನು ಇನ್ನೊಂದು ದಿಕ್ಕಿಗೆ ಹೊರಳಿ, ಕಡಿದುಹಾಕಿದ ಬಸವನಹುಳುವಿನ ತಲೆಯೂ ಸಾಲಮಾಂಡರಿನ ಕಾಲೂ ಮತ್ತೆ ಬೆಳೆಯುವುದನ್ನು ವರದಿಮಾಡಿದನು. ಅದನ್ನು ಓದಿ ವಯೋವೃದ್ಧನಾದ ವಾಲ್ಟೇರನೂ ಬಸವನಹುಳುಗಳ ಮೇಲೆ ಕತ್ತರಿ ಪ್ರಯೋಗಿಸಿದನು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಸ್ಪಲಾಂಜಾನಿಯನ್ನು ಸದಸ್ಯನನ್ನಾಗಿ ಮಾಡಿಕೊಂಡಿತು.

ಈ ಎಲ್ಲ ಪ್ರಯೋಗಗಳಲ್ಲಿ ಒಂದೇ ಎಳೆ ಓಡುವುದನ್ನು ನಾನು ಕಾಣುತ್ತೇನೆ. ಜೀವ ಎಲ್ಲಿ ಮೊದಲಾಗುತ್ತದೆ, ಎಲ್ಲಿ ಮುಗಿಯುತ್ತದೆ, ಆ ಗಡಿಯ ಬೇಲಿ ಎಷ್ಟು ಗಟ್ಟಿ ಎಂಬ ಜಿಜ್ಞಾಸೆಯೇ ಆ ಎಳೆ. ೧೭೭೬ರಲ್ಲಿ ಹೊರಬಂದ ಆತನ ಪ್ರಾಣಿ ಮತ್ತು ಸಸ್ಯಗಳ ಭೌತಿಕ ವಿಚಾರದ ಪ್ರಬಂಧಗಳಲ್ಲಿ ಅದು ಅತ್ಯಂತ ಸ್ಪಷ್ಟವಾಗಿ ಗೋಚರಿಸುತ್ತದೆ. ಮಾಡಿನ ಹೆಂಚುಗಳ ಮೇಲೆ ಕೂಡಿದ ಮರಳಿನ ಧೂಳಿನಲ್ಲಿ ರೊಟಿಫರ್ ಎಂಬ ಅತಿಸೂಕ್ಷ್ಮ ಚಕ್ರಜೀವಿಗಳಿರುತ್ತವೆ. ನೀರು ಆರಿದಾಗ ಅವು ಮುದುಡಿ ಧೂಳಿನ ಕಣದಂತಾಗುತ್ತವೆ. ಚಲನೆಯಿಲ್ಲ, ಆಹಾರವಿಲ್ಲ, ಉಸಿರಿನ ಸುಳಿವಿಲ್ಲ. ಮತ್ತೆ ನೀರೆರೆದರೆ ಸ್ವಲ್ಪ ಹೊತ್ತಿನಲ್ಲಿ ಅರಳಿ ಚಕ್ರವನ್ನು ತಿರುಗಿಸತೊಡಗುತ್ತವೆ. ಲೇವನ್‌ಹುಕ್ ಇದನ್ನು ಮೊದಲು ಕಂಡಿದ್ದನು. ಸ್ಪಲಾಂಜಾನಿಯು ಅದನ್ನು ಮತ್ತೆ ಮತ್ತೆ ಒಣಗಿಸಿ, ಮತ್ತೆ ಮತ್ತೆ ನೆನೆಸಿ ನಿಶ್ಚಯಪಡಿಸಿದನು. ಅದೇ ಧೂಳಿನಲ್ಲಿ ಎಂಟು ಕಾಲುಗಳಿಂದ ಅತಿ ನಿಧಾನವಾಗಿ ತೆವಳುವ ಇನ್ನೊಂದು ಜೀವಿಯನ್ನೂ ಕಂಡು, ಮೆಲ್ಲನಡೆಯದು ಎಂಬ ಅರ್ಥ ಬರುವಂತೆ ಅದಕ್ಕೆ ಟಾರ್ಡಿಗ್ರಾಡೊ ಎಂದು ಹೆಸರಿಟ್ಟನು. ಆ ಹೆಸರು ಇಂದಿಗೂ ವಿಜ್ಞಾನದಲ್ಲಿ ನಿಂತಿದೆ.

ಒಣಗಿದ ಜೀವಿಯು ಮರಳಿ ಚೇತರಿಸುವುದಾದರೆ ತಣಿದ ಜೀವಿಯ ಗತಿಯೇನು? ಅದೇ ಪ್ರಬಂಧಗಳಲ್ಲಿ ಆತನು ರೇತಸ್ಸಿನ ಕ್ರಿಮಿಗಳನ್ನು ಶಾಖಕ್ಕೂ ಶೀತಕ್ಕೂ ಒಡ್ಡಿದ ವಿವರವಿದೆ. ರೇತಸ್ಸನ್ನು ಹಿಮದ ನಡುವೆ ಇಟ್ಟಾಗ ಅದರೊಳಗಿನ ಈಜಾಟ ಮೊದಲು ಮಂದವಾಗಿ, ಕಡೆಗೆ ನಿಂತೇಹೋಯಿತು. ಆ ಕ್ಷಣದಲ್ಲಿ ಬೇರೆ ಯಾರಾದರೂ ಅವು ಸತ್ತುವೆಂದು ಬರೆದು ಪುಸ್ತಕವನ್ನು ಮಡಿಸುತ್ತಿದ್ದರೋ ಏನೋ. ಆತನು ಅದನ್ನು ಬೆಚ್ಚಗೆ ಮಾಡಿ ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟನು. ನಿಂತುಹೋಗಿದ್ದ ಕ್ರಿಮಿಗಳು ಮತ್ತೆ ಚಲಿಸತೊಡಗಿದುವು. ರೇತಸ್ಸನ್ನು ತಣಿಸಿ ಕಾಪಾಡುವ ವಿದ್ಯೆಯ ಚರಿತ್ರೆಯಲ್ಲಿ ಮೊದಲ ಪುಟವೆಂದರೆ ಇದೇ. ಅದರಿಂದ ಯಾವ ಪ್ರಯೋಜನವಿದೆಯೆಂದು ಆತನು ಯೋಚಿಸಿದಂತೆ ಕಾಣುವುದಿಲ್ಲ. ಕಂಡುದನ್ನು ಕಂಡಂತೆ ಬರೆದಿಟ್ಟನು, ಅಷ್ಟೆ.

೧೭೭೭ರಿಂದ ಆರಂಭಿಸಿದ ಕಪ್ಪೆಗಳ ಪ್ರಯೋಗಗಳು ಇನ್ನೂ ಪ್ರಸಿದ್ಧವಾದುವು. ಕಪ್ಪೆಗಳಲ್ಲಿಯೂ ಬಹುಪಾಲು ಮೀನುಗಳಲ್ಲಿಯೂ ಮೊಟ್ಟೆಗೆ ರೇತಸ್ಸು ಸೇರುವುದು ತಾಯಿಯ ದೇಹದ ಹೊರಗೆ, ನೀರಿನಲ್ಲಿ. ಹಾಗೆ ಸೇರಲೇಬೇಕೇ, ಗಂಡಿನ ಸಾಮೀಪ್ಯವೇ ಸಾಲದೇ ಎಂದು ತಿಳಿಯುವುದಕ್ಕಾಗಿ ಆತನು ಗಂಡುಕಪ್ಪೆಗಳಿಗೆ ಮೇಣದ ಬಟ್ಟೆಯ ಪುಟ್ಟ ಚಡ್ಡಿಗಳನ್ನು ಹೊಲಿದು ತೊಡಿಸಿದನು. ಫ್ರಾನ್ಸಿನ ರೆಯೊಮೂರನು ಹಿಂದೆಯೇ ಇದನ್ನು ಯತ್ನಿಸಿ ಫಲಕಾಣದೆ ಕೈಬಿಟ್ಟಿದ್ದನು. ಚಡ್ಡಿ ತೊಟ್ಟ ಗಂಡುಗಳೊಡನೆ ಕೂಡಿದ ಹೆಣ್ಣುಗಳ ಮೊಟ್ಟೆಗಳೆಲ್ಲ ಕೊಳೆತುಹೋದುವು. ಚಡ್ಡಿಯೊಳಗೆ ಉಳಿದ ಕೆಲವು ಹನಿಗಳನ್ನು ತೆಗೆದು ಬೇರೆ ಮೊಟ್ಟೆಗಳಿಗೆ ಸವರಿದಾಗ ಅವುಗಳಿಂದ ಗೊದಮೊಟ್ಟೆಗಳು ಹೊರಬಂದುವು. ರೇತಸ್ಸಿನ ಆವಿಯೇ ಸಾಕೆಂಬ ಹಳೆಯ ನಂಬಿಕೆಯನ್ನು ಎರಡು ಗಾಜಿನ ಬಟ್ಟಲುಗಳಿಂದ ಒರೆಹಚ್ಚಿದನು: ಕೆಳಗಿನದರಲ್ಲಿ ರೇತಸ್ಸು, ಅದರ ಮೇಲೆ ಬೋರಲು ಹಾಕಿದ ಮೇಲಿನದರಲ್ಲಿ ಅಂಟಿಸಿದ ಮೊಟ್ಟೆಗಳು. ಆವಿ ತಗುಲಿದ ಮೊಟ್ಟೆಗಳು ಬೆಳೆಯಲಿಲ್ಲ. ದ್ರವ ತಗುಲಿದುವು ಬೆಳೆದುವು. ಅತ್ಯಲ್ಪ ಪ್ರಮಾಣದ ರೇತಸ್ಸನ್ನು ಬಹಳಷ್ಟು ನೀರಿನಲ್ಲಿ ಬೆರೆಸಿದರೂ ಅದರ ಶಕ್ತಿ ಉಳಿಯುತ್ತದೆಂಬುದನ್ನೂ, ತಂಪಾದ ಎಡೆಯಲ್ಲಿ ಅದು ಹೆಚ್ಚು ಹೊತ್ತು ಕೆಡದಿರುತ್ತದೆಂಬುದನ್ನೂ ಗುರುತಿಸಿದನು. ಇಂದಿನ ಮೀನುಮರಿ ಕೇಂದ್ರದಲ್ಲಿ ಕೆಲಸಮಾಡುವವನಿಗೆ ಈ ಎರಡೂ ದಿನಬಳಕೆಯ ಜ್ಞಾನ.

ಇದೇ ಕಾಲಕ್ಕೆ ತುಸು ಹಿಂದೆ ಜರ್ಮನಿಯಲ್ಲಿ ಲುಡ್ವಿಗ್ ಯಾಕೋಬಿ ಎಂಬ ಭೂಮಾಲಿಕನು ಟ್ರೌಟ್ ಮೀನಿನ ಹೊಟ್ಟೆಯನ್ನು ಮೆಲ್ಲನೆ ಒತ್ತಿ ಮೊಟ್ಟೆಯನ್ನೂ ರೇತಸ್ಸನ್ನೂ ಹೊರತೆಗೆದು, ಬೆರೆಸಿ, ಮರಿಮಾಡಿಸಿದ್ದನು. ಆತನ ಬರೆಹ ೧೭೬೦ರ ದಶಕದಲ್ಲಿ ಅಚ್ಚಾಯಿತು. ಯಾಕೋಬಿಯ ಕೈಗೆಲಸವೂ ಸ್ಪಲಾಂಜಾನಿಯ ಹಿಮವೂ ಒಂದುಗೂಡಿದ ಎಡೆಯಲ್ಲಿ ಇಂದಿನ ವಿದ್ಯೆ ನಿಂತಿದೆ. ಆದರೆ ಅವು ಒಂದುಗೂಡಲು ಸುಮಾರು ೧೮೦ ವರ್ಷ ಬೇಕಾಯಿತು.

ಕಪ್ಪೆಗಳ ವಿಷಯದಲ್ಲಿ ಆತನು ಮಾಡಿದ ಇನ್ನೊಂದು ಪ್ರಯೋಗವನ್ನು ನಾನು ಓದಿದಾಗಲೆಲ್ಲ ಮನಸ್ಸಿಗೆ ಒಂದು ಬಗೆಯ ಕಸಿವಿಸಿಯಾಗುತ್ತದೆ. ರೇತಸ್ಸು ಬೆರೆತ ನೀರನ್ನು ಆತನು ಒತ್ತುಕಾಗದದಲ್ಲಿ ಸೋಸಿದನು. ಹೆಚ್ಚು ಪದರಗಳಲ್ಲಿ ಸೋಸಿದಷ್ಟೂ ಕೆಳಗಿಳಿದ ನೀರಿನ ಶಕ್ತಿ ಕುಂದಿ, ಕಡೆಗೆ ಇಲ್ಲವಾಯಿತು. ಕಾಗದದ ಮೇಲೆ ಉಳಿದುದನ್ನು ನೀರಿನಲ್ಲಿ ಹಿಂಡಿ ಮೊಟ್ಟೆಗೆ ಸೋಕಿಸಿದರೆ ಮರಿಗಳಾದುವು. ಕಾಗದದ ಮೇಲೆ ಉಳಿದುದು ವೀರ್ಯಾಣುಗಳೆಂದು ಇಂದು ಶಾಲೆಯ ಹುಡುಗನೂ ಹೇಳಿಯಾನು. ಆದರೆ ಸ್ಪಲಾಂಜಾನಿಗೆ ಆ ಮಾತು ಬಾರದೆ ಹೋಯಿತು. ಮೊಟ್ಟೆಯಲ್ಲಿಯೇ ಸರ್ವವೂ ಅಡಗಿದೆಯೆಂದು ನಂಬಿದ್ದ ಆತನಿಗೆ ರೇತಸ್ಸಿನ ಕ್ರಿಮಿಗಳು ಕೇವಲ ಪರಾವಲಂಬಿಗಳಾಗಿ ತೋರಿದ್ದುವು. ಕ್ರಿಮಿಗಳಿಲ್ಲವೆಂದು ತಾನು ತಿಳಿದ ರೇತಸ್ಸಿನಿಂದಲೂ ಮರಿಗಳಾದುವೆಂಬ ತಪ್ಪು ವೀಕ್ಷಣೆಯೊಂದು ಆ ನಂಬಿಕೆಗೆ ಆಸರೆಯಾಗಿ ನಿಂತಿತು. ೧೮೨೪ರಲ್ಲಿ ಪ್ರೆವೊ ಮತ್ತು ದ್ಯೂಮಾ ಅದೇ ಸೋಸುವಿಕೆಯನ್ನು ಮರಳಿ ಮಾಡಿ ಸರಿಯಾದ ನಿರ್ಣಯಕ್ಕೆ ಬಂದರು. ೧೮೭೬ರಲ್ಲಿ ಹರ್ಟ್ವಿಗ್ ಎಂಬ ಜರ್ಮನ್ ವಿಜ್ಞಾನಿಯು ಕಡಲ ಮುಳ್ಳುಚೆಂಡಿನ ಮೊಟ್ಟೆಯಲ್ಲಿ ತಾಯಿಯ ಮತ್ತು ತಂದೆಯ ಬೀಜಕೇಂದ್ರಗಳು ಕೂಡುವುದನ್ನು ತೋರಿಸಿದನು. ಆದರೂ ನಾವು ಗಮನಿಸಬೇಕಾದ ಅಂಶವೊಂದಿದೆ. ತನ್ನ ಮತಕ್ಕೆ ಒಗ್ಗದ ಫಲಿತಾಂಶವನ್ನು ಆತನು ಮುಚ್ಚಿಡಲಿಲ್ಲ. ಮುಂದಿನವರು ಆತನ ತಪ್ಪನ್ನು ಆತನ ಪುಸ್ತಕದಿಂದಲೇ ತಿದ್ದಲು ಸಾಧ್ಯವಾಯಿತು.

೧೭೮೦ರ ಸುಮಾರಿಗೆ ಆತನು ಹೆಣ್ಣುನಾಯಿಯೊಂದನ್ನು ಬೇರೆಯಾಗಿ ಕೂಡಿಹಾಕಿ, ಬೆದೆಗೆ ಬಂದಾಗ ಮೈಶಾಖಕ್ಕೆ ಬೆಚ್ಚಗೆ ಮಾಡಿದ ಪಿಚಕಾರಿಯಿಂದ ಅದರ ಗರ್ಭಕ್ಕೆ ರೇತಸ್ಸನ್ನು ಸೇರಿಸಿದನು. ೬೨ ದಿನಗಳ ತರುವಾಯ ಅದು ೩ ಮರಿಗಳನ್ನು ಈದಿತು. ಸ್ತನ್ಯಪಾಯಿಗಳಲ್ಲಿ ಕೃತಕ ಗರ್ಭಧಾರಣೆಯ ಮೊದಲ ದಾಖಲೆ ಇದು. ಇಂದು ನಮ್ಮ ಹಳ್ಳಿಹಳ್ಳಿಯ ಪಶುವೈದ್ಯಶಾಲೆಯಲ್ಲಿ ಹೆಪ್ಪುಗಟ್ಟಿಸಿದ ಹೋರಿಯ ವೀರ್ಯವನ್ನು ಆಕಳಿಗೆ ಕೊಡುವಾಗ ಆ ಪಾದ್ರಿಯನ್ನು ನೆನೆಯುವವರು ವಿರಳ.

ಆತನ ಸ್ವಭಾವದಲ್ಲಿ ಕಠೋರತೆಯೂ ಇದ್ದಿತು. ಜೀರ್ಣಕ್ರಿಯೆಯನ್ನು ಅರಿಯಲು ಬಟ್ಟೆಯ ಚೀಲಗಳಲ್ಲಿಯೂ ಮರದ ಕೊಳವೆಗಳಲ್ಲಿಯೂ ಆಹಾರವನ್ನಿಟ್ಟು ತಾನೇ ನುಂಗಿದನು, ಇದು ಧೈರ್ಯ. ಆದರೆ ೧೭೯೩ರಲ್ಲಿ, ಕತ್ತಲೆಯಲ್ಲಿ ಬಾವಲಿಗಳು ಎಲ್ಲಿಯೂ ಎಡವದೆ ಹಾರುವುದರ ರಹಸ್ಯವನ್ನು ತಿಳಿಯಲು ಅವುಗಳ ಕಣ್ಣುಗಳನ್ನು ಕಳೆದನು. ಕುರುಡಾದುವೂ ಮೊದಲಿನಂತೆಯೇ ಹಾರಿದುವು. ಜಿನೀವಾದ ಜ್ಯುರೀನ್ ಎಂಬವನು ಅವುಗಳ ಕಿವಿಗಳನ್ನು ಮುಚ್ಚಿದಾಗ ಮಾತ್ರ ಅವು ಗೋಡೆಗೆ ಬಡಿದುಕೊಂಡುವು. ಕಿವಿಯಿಂದ ನೋಡುವುದೆಂದರೇನೆಂದು ಆ ಕಾಲ ನಗಾಡಿತು. ೧೯೩೮ರಲ್ಲಿ ಅಮೆರಿಕದ ಗ್ರಿಫಿನ್ ಮತ್ತು ಪಿಯರ್ಸ್ ಬಾವಲಿಯ ಶ್ರವಣಾತೀತ ಧ್ವನಿಯನ್ನು ಹಿಡಿದ ಮೇಲೆ ಆತನ ಮಾತು ಸತ್ಯವಾಯಿತು. ಜೀವದ ಗಡಿಯನ್ನು ಹುಡುಕಿ ಹೊರಟವನು ಜೀವದ ನೋವನ್ನು ಲೆಕ್ಕಿಸಲಿಲ್ಲವೆಂಬುದನ್ನು ಆತನ ಅಭಿಮಾನಿಯಾದ ನಾನೂ ಮರೆಮಾಚಲಾರೆ.

ನೋವು ಆತನಿಗೂ ತಪ್ಪಲಿಲ್ಲ. ೧೭೮೫ರಲ್ಲಿ ಕಾನ್‌ಸ್ಟಾಂಟಿನೋಪಲಿಗೆ ಪ್ರವಾಸ ಹೋಗಿದ್ದಾಗ, ಪಾವಿಯಾದ ಸಂಗ್ರಹಾಲಯದ ವಸ್ತುಗಳನ್ನು ಆತನು ಕದ್ದು ತನ್ನ ಊರಿಗೆ ಸಾಗಿಸಿದ್ದಾನೆಂದು ಸಹೋದ್ಯೋಗಿಗಳಲ್ಲಿ ಕೆಲವರು ದೂರು ಹೂಡಿದರು. ವಿಚಾರಣೆ ನಡೆದು ೧೭೮೭ರಲ್ಲಿ ನಿರ್ದೋಷಿಯೆಂದು ತೀರ್ಮಾನವಾಯಿತು. ಮರುವರ್ಷವೇ ಅರುವತ್ತರ ಅಂಚಿನಲ್ಲಿದ್ದ ಆತನು ವಿಸೂವಿಯಸ್, ಎಟ್ನಾ, ಸ್ಟ್ರಾಂಬೋಲಿ ಜ್ವಾಲಾಮುಖಿಗಳನ್ನು ಪರೀಕ್ಷಿಸಲು ಹೊರಟನು.

ಆತನ ಕಡೆಯ ದಶಕದಲ್ಲಿ ಮೀನೊಂದು ಬರುತ್ತದೆ. ಪೋ ನದಿಯ ಮುಖದ ಬಳಿ ಕೊಮಾಕ್ಕಿಯೊ ಎಂಬ ಹಿನ್ನೀರಿನ ಊರು ಹಾವುಮೀನಿಗೆ ಹೆಸರಾದುದು. ಯೂರೋಪಿನ ಹಾವುಮೀನು ಹೊಳೆಗಳಲ್ಲಿಯೂ ಕೆರೆಗಳಲ್ಲಿಯೂ ಬೆಳೆಯುತ್ತದೆ. ಆದರೆ ಅದು ಎಲ್ಲಿ, ಹೇಗೆ ಹುಟ್ಟುತ್ತದೆಂಬುದು ಅರಿಸ್ಟಾಟಲನ ಕಾಲದಿಂದ ಒಗಟಾಗಿತ್ತು. ಬೊಲೋನಾದ ಮೊಂಡಿನಿಯು ೧೭೭೭ರಲ್ಲಿ ಹೆಣ್ಣಿನ ಅಂಡಾಶಯವನ್ನು ಗುರುತಿಸಿದ್ದನು. ೧೭೯೨ರಲ್ಲಿ ಕೊಮಾಕ್ಕಿಯೊಕ್ಕೆ ಹೋದ ಸ್ಪಲಾಂಜಾನಿಗೆ ಮೊಟ್ಟೆ ತುಂಬಿದ ಹಾವುಮೀನು ಒಂದೂ ದೊರೆಯಲಿಲ್ಲ. ತಲೆತಲಾಂತರದಿಂದ ಅಲ್ಲಿ ಮೀನು ಹಿಡಿಯುತ್ತಿದ್ದವರೂ ಅಂತಹುದನ್ನು ಕಂಡವರಲ್ಲ. ಕಪ್ಪೆಯ ಜನನವನ್ನು ಬಟ್ಟಲಿನಲ್ಲಿ ನಡೆಯಿಸಿದವನು ಮೀನಿನ ಜನನದ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಯಿತು. ಹಾವುಮೀನು ಮೊಟ್ಟೆಯಿಡಲು ಸಾವಿರಾರು ಮೈಲಿ ಈಜಿ ಅಟ್ಲಾಂಟಿಕ್ ಸಾಗರದ ಸಾರ್ಗಾಸೊ ಭಾಗಕ್ಕೆ ಹೋಗುತ್ತದೆಂಬುದು ಲೋಕಕ್ಕೆ ತಿಳಿದುದು ಇಪ್ಪತ್ತನೆಯ ಶತಮಾನದಲ್ಲಿ, ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್ಟನ ಸಂಶೋಧನೆಯಿಂದ. ಅಲ್ಲಿ ಅದು ಮೊಟ್ಟೆಯಿಡುವುದನ್ನು ಇಂದಿಗೂ ಯಾರೂ ಕಣ್ಣಾರೆ ಕಂಡಿಲ್ಲ.

೧೭೯೯ರ ಫೆಬ್ರವರಿಯಲ್ಲಿ ಸ್ಪಲಾಂಜಾನಿಯು ಪಾವಿಯಾದಲ್ಲಿ ತೀರಿಕೊಂಡನು. ಮೂತ್ರಕೋಶದ ವ್ಯಾಧಿಯಿಂದ ಆತನು ಬಹಳ ನರಳಿದ್ದನು. ಆ ಅವಯವವನ್ನು ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ. ಪ್ರಾಣಿಗಳನ್ನೆಲ್ಲ ನಿದರ್ಶನವಾಗಿ ಕಂಡವನು ಕಡೆಗೆ ತಾನೂ ಒಂದು ನಿದರ್ಶನವಾದನು.

ಹಿಮದ ಪ್ರಯೋಗ ಮುಂದೆ ಏನಾಯಿತು? ೧೮೬೬ರಲ್ಲಿ ಅದೇ ಪಾವಿಯಾದ ಮಾಂಟೆಗಾಜ್ಜಾ ಎಂಬ ಪ್ರಾಧ್ಯಾಪಕನು ಮನುಷ್ಯರೇತಸ್ಸನ್ನು ಸೊನ್ನೆಗಿಂತ ೧೫ ಡಿಗ್ರಿ ಕೆಳಗೆ ತಣಿಸಿ, ಕೆಲವು ವೀರ್ಯಾಣುಗಳು ಬದುಕಿ ಉಳಿದುದನ್ನು ಕಂಡು, ಯುದ್ಧಕ್ಕೆ ಹೋಗುವ ಯೋಧರ ರೇತಸ್ಸನ್ನು ಕಾದಿಡಬಹುದೆಂಬ ಊಹೆಯನ್ನು ಮುಂದಿಟ್ಟನು. ಆದರೆ ಇನ್ನೂ ಆಳದ ಶೀತದಲ್ಲಿ ಕಣಗಳು ನಾಶವಾಗುತ್ತಿದ್ದುವು. ಕಾರಣವಿಷ್ಟೆ: ನೀರು ಹೆಪ್ಪುಗಟ್ಟುವಾಗ ಚೂಪಾದ ಹರಳುಗಳಾಗಿ ಜೀವಕೋಶವನ್ನು ಸೀಳುತ್ತದೆ, ಉಳಿದ ನೀರಿನಲ್ಲಿ ಲವಣಗಳು ಗಾಢವಾಗಿ ಅದನ್ನು ಸುಡುತ್ತವೆ. ೧೯೪೯ರಲ್ಲಿ ಲಂಡನ್ನಿನ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಎಂಬ ಮೂವರು ಕೋಳಿಯ ರೇತಸ್ಸಿಗೆ ಗ್ಲಿಸರಿನ್ ಬೆರೆಸಿದರೆ ಅದು ಸೊನ್ನೆಗಿಂತ ೭೯ ಡಿಗ್ರಿ ಕೆಳಗೂ ಉಳಿಯುವುದೆಂದು ಪ್ರಕಟಿಸಿದರು. ಶೀಷೆಗಳ ಹೆಸರುಚೀಟಿ ಅದಲುಬದಲಾದುದರಿಂದ ಈ ಶೋಧ ಕೈಗೂಡಿತು; ಸಕ್ಕರೆಯ ದ್ರಾವಣವೆಂದು ತಿಳಿದುದರಲ್ಲಿ ಗ್ಲಿಸರಿನ್ ಇದ್ದಿತು. ನಾಲ್ಕು ವರ್ಷಗಳ ಬಳಿಕ, ೧೯೫೩ರಲ್ಲಿ, ಬ್ಲಾಕ್ಸ್ಟರ್ ಎಂಬ ಬ್ರಿಟಿಷ್ ವಿಜ್ಞಾನಿಯು ಕಡಲಿನ ಹೆರಿಂಗ್ ಮೀನಿನ ರೇತಸ್ಸನ್ನು ಹೀಗೆ ಕಾದಿಟ್ಟು, ವಸಂತದಲ್ಲಿ ಮರಿಹಾಕುವ ಪಂಗಡವನ್ನೂ ಶರತ್ತಿನಲ್ಲಿ ಮರಿಹಾಕುವ ಪಂಗಡವನ್ನೂ ಕೂಡಿಸಿದನು. ಕಾಲದ ಅಂತರವನ್ನು ಶೀತವು ಅಳಿಸಿತು. ಅಲ್ಲಿಂದ ಈ ವಿದ್ಯೆ ಸಾಲ್ಮನ್, ಟ್ರೌಟ್, ಗೆಂಡೆ ಮೊದಲಾದ ಹೊಳೆ ಕೆರೆಗಳ ಮೀನುಗಳಿಗೆ ಹಬ್ಬಿತು.

ಸಿಹಿನೀರಿನ ಮೀನಿನ ರೇತಸ್ಸಿಗೆ ಒಂದು ವೈಶಿಷ್ಟ್ಯವಿದೆ. ಗಂಡಿನ ದೇಹದೊಳಗೆ ಅದರ ವೀರ್ಯಾಣುಗಳು ನಿಶ್ಚಲವಾಗಿರುತ್ತವೆ. ಹೊಳೆಯ ನೀರು ಸೋಕಿದೊಡನೆ ಎಚ್ಚರಗೊಂಡು ಈಜತೊಡಗುತ್ತವೆ; ಟ್ರೌಟ್ ಮೀನಿನಲ್ಲಿ ಅರ್ಧ ನಿಮಿಷ, ಗೆಂಡೆಯಲ್ಲಿ ಸುಮಾರು ಒಂದು ನಿಮಿಷ. ಅಷ್ಟರೊಳಗೆ ಮೊಟ್ಟೆಯ ಸಣ್ಣ ರಂಧ್ರವನ್ನು ಹೊಗದಿದ್ದರೆ ಅವುಗಳ ಆಯುಷ್ಯ ಮುಗಿಯಿತು. ಆದುದರಿಂದ ರೇತಸ್ಸನ್ನು ತೆಗೆಯುವಾಗ ಒಂದು ಹನಿ ನೀರೂ ತಾಗದಂತೆ ಎಚ್ಚರವಹಿಸಿ, ಲವಣ ಸಕ್ಕರೆಗಳ ಹದವಾದ ದ್ರಾವಣದಲ್ಲಿ ನಿದ್ರೆಯಲ್ಲಿಯೇ ಇರಿಸಿ, ಗ್ಲಿಸರಿನ್, ಮೆಥನಾಲ್ ಅಥವಾ ಡೈಮಿಥೈಲ್ ಸಲ್ಫಾಕ್ಸೈಡ್ ಬೆರೆಸಿ, ಸಣ್ಣ ಕೊಳವೆಗಳಲ್ಲಿ ತುಂಬಿ, ಸಾರಜನಕದ ಆವಿಯಲ್ಲಿ ತಣಿಸಿ, ಕಡೆಗೆ ದ್ರವದಲ್ಲಿ ಮುಳುಗಿಸುತ್ತಾರೆ. ಹಿಮದಲ್ಲಿ ನಿಂತ ಈಜಾಟವನ್ನು ನೋಡಿ ಸಾವೆಂದು ತೀರ್ಪುಕೊಡದಿದ್ದ ಪಾದ್ರಿಯ ತಾಳ್ಮೆಯನ್ನು ಇಲ್ಲಿ ಹೆಜ್ಜೆಹೆಜ್ಜೆಗೂ ಕಾಣಬಹುದು.

ಇದರ ಪ್ರಯೋಜನ ಎರಡು ಬಗೆಯದು. ಮೀನು ಸಾಕುವವನಿಗೆ ಹೆಣ್ಣು ಹದಕ್ಕೆ ಬಂದಾಗ ಗಂಡು ಸಿದ್ಧವಿಲ್ಲವೆಂಬ ಕಷ್ಟ ತಪ್ಪುತ್ತದೆ. ಒಂದೇ ಕೊಳದ ಒಡಹುಟ್ಟುಗಳನ್ನು ಪೀಳಿಗೆಪೀಳಿಗೆಗೂ ಕೂಡಿಸಿ ತಳಿ ಕ್ಷೀಣವಾಗುವುದನ್ನು ದೂರದ ಹೊಳೆಯ ರೇತಸ್ಸಿನಿಂದ ತಡೆಯಬಹುದು. ಎರಡನೆಯದು ಸಂರಕ್ಷಣೆ. ನಾರ್ವೆ ದೇಶದಲ್ಲಿ ಪರಾವಲಂಬಿ ಹುಳುವೊಂದು ಹೊಳೆಗಳ ಕಾಡುಸಾಲ್ಮನ್ ಸಂತತಿಯನ್ನೇ ಅಳಿಸತೊಡಗಿದಾಗ, ೧೯೮೬ರಿಂದ ಪ್ರತಿಯೊಂದು ಹೊಳೆಯ ಸಂತತಿಯ ರೇತಸ್ಸನ್ನೂ ಬೇರೆಬೇರೆಯಾಗಿ ಹೆಪ್ಪುಗಟ್ಟಿಸಿಡುವ ಏರ್ಪಾಡಾಯಿತು. ನಮ್ಮಲ್ಲಿ ೧೯೮೩ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮತ್ಸ್ಯ ಆನುವಂಶಿಕ ಸಂಪನ್ಮೂಲ ಸಂಸ್ಥೆ ಲಖನೌದಲ್ಲಿ ಈ ಕಾರ್ಯವನ್ನು ನಡೆಸುತ್ತಿದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ವಿಜ್ಞಾನಿಗಳು ದಖ್ಖನಿನ ಮಹಶೀರ್ ಮೀನಿನ ರೇತಸ್ಸನ್ನು ಹೆಪ್ಪುಗಟ್ಟಿಸಿ ಉಳಿಸುವ ಕ್ರಮವನ್ನು ೨೦೦೪ರಲ್ಲಿ ಪ್ರಕಟಿಸಿದರು. ಕಾವೇರಿಯದೇ ಆದ ಇನ್ನೊಂದು ಮಹಶೀರ್, ಡುಬ್ಬದ ಬೆನ್ನಿನದು, ೨೦೧೮ರಲ್ಲಿ ತೀವ್ರ ಅಪಾಯಕ್ಕೊಳಗಾದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು.

ಇಲ್ಲಿ ಆ ಹಳೆಯ ಅಂಡವಾದ ಮರಳಿ ನಮ್ಮೆದುರಿಗೆ ಬಂದು ನಿಲ್ಲುತ್ತದೆ. ಮೀನಿನ ರೇತಸ್ಸನ್ನು ಹೆಪ್ಪುಗಟ್ಟಿಸಬಹುದು. ಅದರ ಮೊಟ್ಟೆಯನ್ನಾಗಲಿ ಭ್ರೂಣವನ್ನಾಗಲಿ ಹಾಗೆ ಹೆಪ್ಪುಗಟ್ಟಿಸಿ ಉಳಿಸುವ ಬಳಕೆಯ ಕ್ರಮ ಇನ್ನೂ ಕೈಗೂಡಿಲ್ಲ. ಮೊಟ್ಟೆ ದೊಡ್ಡದು, ನೀರು ಮತ್ತು ಬಂಡಾರದಿಂದ ತುಂಬಿದುದು. ಅದರ ಸುತ್ತಲಿನ ಹೊದಿಕೆಯನ್ನು ದಾಟಿ ರಕ್ಷಕದ್ರವ ಒಳಗೆ ಹೋಗದು. ಆದುದರಿಂದ ಶೀತದ ಕಣಜದಲ್ಲಿ ನಾವು ಇಟ್ಟಿರುವುದು ತಂದೆಯ ಅರ್ಧ ಮಾತ್ರ. ತಂದೆಯ ಪಾಲು ಬರಿಯ ಪ್ರಚೋದನೆಯೆಂದು ಸ್ಪಲಾಂಜಾನಿ ತಿಳಿದಿದ್ದನು; ಅದು ಸರಿಯಲ್ಲ. ತಂದೆಯ ಪಾಲನ್ನು ಕಾದಿಟ್ಟರೆ ಸಂತತಿ ಉಳಿಯಿತೆಂದು ಇಂದು ಯಾರಾದರೂ ನೆಮ್ಮದಿಯಿಂದಿದ್ದರೆ ಅದೂ ಸರಿಯಲ್ಲ. ಕಾವೇರಿಯ ಮಹಶೀರ್ ರೇತಸ್ಸು ಎಷ್ಟೇ ಕಾಲ ತಣ್ಣಗೆ ಮಲಗಿರಲಿ, ಅದನ್ನು ಎಬ್ಬಿಸುವ ದಿನ ಮೊಟ್ಟೆಯಿಡಲು ಜೀವಂತವಾದ ಒಂದು ತಾಯಿಮೀನು ಬೇಕು. ಆ ತಾಯಿಗೆ ಕಲ್ಲುಬಂಡೆಗಳ ನಡುವೆ ತಿಳಿಯಾಗಿ ಹರಿಯುವ ಹೊಳೆ ಬೇಕು. ಹೊಳೆಯನ್ನು ಕೆಡಿಸಿ ಕಣಜವನ್ನು ತೋರಿಸುವುದು ಆತ್ಮವಂಚನೆ.

ಕೊಮಾಕ್ಕಿಯೊದ ಹಾವುಮೀನು ಈ ಮಾತಿಗೆ ಸಾಕ್ಷಿಯಾಗಿದೆ. ೨೦೦೮ರಲ್ಲಿ ಅದೂ ತೀವ್ರ ಅಪಾಯದ ಪಟ್ಟಿಗೆ ಸೇರಿತು. ಅದರ ರೇತಸ್ಸನ್ನು ಹೆಪ್ಪುಗಟ್ಟಿಸುವ ಬಗೆಯನ್ನು ಸ್ಪೇನ್ ಮತ್ತು ಹಂಗೇರಿಯ ಸಂಶೋಧಕರು ಕಂಡುಕೊಂಡಿದ್ದಾರೆ. ಆದರೂ ಅದನ್ನು ಸಾಕುವವರು ಇಂದಿಗೂ ಕಡಲಿನಿಂದ ಹೊಳೆಗೆ ಬರುವ ಕಾಡುಮರಿಗಳನ್ನೇ ಹಿಡಿದು ತರಬೇಕಾಗಿದೆ. ಸ್ಪಲಾಂಜಾನಿಯು ಬರಿಗೈಯಲ್ಲಿ ಮರಳಿದ ಎಡೆಯಿಂದ ನಾವು ಬಹುದೂರ ಬಂದಿದ್ದೇವೆ. ಆದರೆ ಆ ಎಡೆಯನ್ನು ಪೂರ್ತಿಯಾಗಿ ದಾಟಿಲ್ಲ.

ಆತನ ಗ್ರಂಥಗಳಿಂದ ನಾವು ಕಲಿಯತಕ್ಕುದು ಸಿದ್ಧಾಂತವನ್ನಲ್ಲವೆಂದು ನನ್ನ ಅಭಿಪ್ರಾಯ. ಅದು ಆತನೊಡನೆಯೇ ಹಳತಾಯಿತು. ನಿಂತುದನ್ನು ಸತ್ತಿತೆಂದು ಅವಸರಪಟ್ಟು ಹೇಳದಿರುವುದು, ಕಂಡುದು ತನ್ನ ಮತಕ್ಕೆ ಒಗ್ಗದಿದ್ದರೂ ಬರೆದಿಡುವುದು: ಇವೆರಡನ್ನು ಆತನು ಬಿಟ್ಟುಹೋಗಿದ್ದಾನೆ. ನಮ್ಮ ಹೊಳೆಗಳ ಮೀನುಗಳ ವಿಷಯದಲ್ಲಿ ಈ ಎರಡೂ ಗುಣಗಳು ಈಗ ನಮಗೆ ಅಗತ್ಯವಾಗಿವೆ. ಎಷ್ಟು ಉಳಿದಿವೆಯೆಂದು ಪ್ರಾಮಾಣಿಕವಾಗಿ ಎಣಿಸಿ ಬರೆದಿಡೋಣ. ಉಳಿದುದರ ಆಸೆಯನ್ನು ಬಿಡದಿರೋಣ.